ಕಳ್ಳನ ಕವಲುಗಳು

1974ರಲ್ಲಿ ಅಮೆರಿಕದಲ್ಲಿ ಹೊರಬಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದಲ್ಲಿ ಕಳ್ಳನೇ ಇರಲಿಲ್ಲ. ಯೋಧ, ಮಾಂತ್ರಿಕ, ಪುರೋಹಿತ, ಇಷ್ಟೇ ಪಾತ್ರವರ್ಗಗಳು. ಮೇಜಿನ ಸುತ್ತ ಕೂತು ಮಾತಿನಲ್ಲೇ ಆಡುವ ಆಟವಿದು. ನೆರಳಲ್ಲಿ ಅಡಗುವ ಉಪಾಯವನ್ನು ಯಾರು ಬೇಕಾದರೂ ಹೇಳಬಹುದಿತ್ತು, ಫಲಿಸಿತೋ ಇಲ್ಲವೋ ಆಟ ನಡೆಸುವವರ ತೀರ್ಮಾನ. 1975ರ ‘ಗ್ರೇಹಾಕ್’ ಪುರವಣಿ ಕಳ್ಳನನ್ನು ತಂದು, ಅವನ ಕೈಚಳಕಗಳಿಗೆ ಶೇಕಡಾ ಲೆಕ್ಕ ಕಟ್ಟಿತು. ಹಳೆಯ ನಿಯಮಪುಸ್ತಕಗಳನ್ನು ಸಾಲಾಗಿ ಓದುವಾಗ ನನಗೆ ತೊಡಕು ಕಾಣುವುದು ಇಲ್ಲೇ. ಸದ್ದಿಲ್ಲದೆ ನಡೆಯುವುದು ಒಬ್ಬನ ಕಸುಬು ಎಂದು ಬರೆದಿಟ್ಟ ಮೇಲೆ ಮಿಕ್ಕವರ ಹೆಜ್ಜೆ ತಾನಾಗಿಯೇ ಸದ್ದು ಮಾಡತೊಡಗುತ್ತದೆ.

1989ರ ಎರಡನೇ ಆವೃತ್ತಿ ಹೊಸ ಕಳ್ಳನ ಕೈಗೆ 60 ಅಂಕ ಕೊಟ್ಟಿತು. ಬೀಗಕ್ಕೆಷ್ಟು, ಜೇಬಿಗೆಷ್ಟು, ಗೋಡೆ ಹತ್ತಲೆಷ್ಟು ಎಂದು ಆಟಗಾರನೇ ಹಂಚಬೇಕು. ಒಂದೇ ಕೌಶಲಕ್ಕೆ 30 ಮೀರುವಂತಿಲ್ಲ. ಆಮೇಲೆ ಬಂದ ಸಿದ್ಧ ಕವಲುಗಳಿಗಿಂತ ಈ ಹಂಚಿಕೆಯೇ ಜಾಣತನದ್ದು ಎನ್ನುತ್ತೇನೆ: ಒಬ್ಬ ಕಳ್ಳನಂತೆ ಇನ್ನೊಬ್ಬನಿರಬೇಕಿಲ್ಲ, ಆದರೂ ಪ್ರತಿಯೊಬ್ಬನಿಗೂ ಯಾವುದೋ ಒಂದು ಕೈ ಕುಂಟು.

2000ದಲ್ಲಿ ಹೆಸರು ‘ರೋಗ್’ ಎಂದಾಯಿತು (ನಮ್ಮ ರೋಗವಲ್ಲ, ಪೋಕರಿ). ಅಡಗುವ ಕೌಶಲ ಎಲ್ಲರಿಗೂ ಮರಳಿತು. ಕಠಿಣವಾದ ಗುಪ್ತ ಬಲೆಗಳನ್ನು ಪತ್ತೆಹಚ್ಚುವುದು ಮಾತ್ರ ಅವನದೇ ಉಳಿಯಿತು. 2014ರ ಪುಸ್ತಕದಲ್ಲಿ ಪೋಕರಿ ಮೂರನೇ ಮಟ್ಟಕ್ಕೇರಿದಾಗ ಕವಲು ಆರಿಸಬೇಕು: ಕಳ್ಳ, ಕೊಲೆಗಡುಕ, ಇಲ್ಲವೇ ಮಾಯಾವಿ ವಂಚಕ. 1978ರಲ್ಲಿ ಕೊಲೆಗಡುಕ ಕಳ್ಳನದೇ ಉಪವರ್ಗವಾಗಿದ್ದ. ಈಗ ಇಬ್ಬರೂ ಅಕ್ಕಪಕ್ಕದ ಕವಲುಗಳು.