ಎಡಮಗ್ಗುಲಿನ ಪಿತ್ತಕೋಶ

ಹೃದಯ ಬಲಕ್ಕೆ, ಯಕೃತ್ತು ಎಡಕ್ಕೆ, ಗುಲ್ಮ ಮತ್ತೆ ಬಲಕ್ಕೆ. ಲಂಡನ್ನಿನ ಗ್ರೇಟ್ ವಿಂಡ್‌ಮಿಲ್ ಬೀದಿಯ ಅಂಗರಚನಾ ಶಾಲೆಗೆ ಛೇದನಕ್ಕೆಂದು ಬಂದ ಗಂಡಸಿನ ಶವವೊಂದರಲ್ಲಿ ಕಂಡ ಈ ಏರುಪೇರನ್ನು ಮ್ಯಾಥ್ಯೂ ಬೈಲಿ 1788ರಲ್ಲಿ ವಿವರವಾಗಿ ಬರೆದ. ವೈದ್ಯರು ಇದನ್ನು ‘ಸೈಟಸ್ ಇನ್ವರ್ಸಸ್’ ಎನ್ನುತ್ತಾರೆ. ಸುಮಾರು 10,000 ಮಂದಿಯಲ್ಲಿ ಒಬ್ಬರ ಒಡಲು ಹೀಗೆ ಕನ್ನಡಿಯ ಬಿಂಬದಂತೆ ತಿರುಗಿರುತ್ತದೆ. ಅವರಲ್ಲಿ ಹೆಚ್ಚಿನವರಿಗೆ ಅದರಿಂದ ಯಾವ ತೊಂದರೆಯೂ ಇಲ್ಲ. ಎಷ್ಟೋ ಜನರಿಗೆ ಅದು ಗೊತ್ತೇ ಇರುವುದಿಲ್ಲ.

ಗೊತ್ತಾಗುವುದು ಕಾಯಿಲೆ ಬಂದಾಗ. ಪಿತ್ತಕೋಶದಲ್ಲಿ ಕಲ್ಲಾದರೆ ನೋವು ಬಲಪಕ್ಕೆಲುಬಿನ ಕೆಳಗೆ ಬರಬೇಕು. ಇವರಿಗೆ ಎಡಕ್ಕೆ ಬರುತ್ತದೆ, ಇಲ್ಲವೇ ಎದೆಗುಂಡಿಯ ಹತ್ತಿರ. ಪಿತ್ತಕೋಶ ಎಡಕ್ಕಿದ್ದೂ ಬಲಗಡೆಯೇ ನೋವು ಎನ್ನುವವರೂ ಇದ್ದಾರೆ. ಗ್ಯಾಸ್ಟ್ರಿಕ್ ಇರಬೇಕು, ಹೃದಯದ್ದಿರಬೇಕು ಎಂದು ಅಲೆದಾಟ ಶುರುವಾಗುತ್ತದೆ. ಸ್ಕ್ಯಾನಿಂಗ್ ಬಂದ ಮೇಲೆ ಈ ಗೊಂದಲ ಬಹಳ ಕಡಿಮೆಯಾಗಿದೆ.

ಕಲ್ಲು ಪತ್ತೆಯಾದ ಮೇಲೆ ಶಸ್ತ್ರಕ್ರಿಯೆಯ ಮಾತು. ಪಿತ್ತಕೋಶವನ್ನೇ ತೆಗೆದುಹಾಕುವ ಶಸ್ತ್ರಕ್ರಿಯೆಯನ್ನು ಮೊದಲು ಮಾಡಿದವನು ಕಾರ್ಲ್ ಲಾಂಗೆನ್‌ಬುಖ್, 1882ರಲ್ಲಿ, ಬರ್ಲಿನ್ನಿನಲ್ಲಿ. ನೂರು ವರ್ಷ ಹೊಟ್ಟೆ ಕೊಯ್ದೇ ಅದು ನಡೆಯಿತು. 1985ರಲ್ಲಿ ಜರ್ಮನಿಯ ಬೋಬ್ಲಿಂಗನ್ನಿನಲ್ಲಿ ಎರಿಕ್ ಮ್ಯೂಹೆ ಅದನ್ನು ಸಣ್ಣ ರಂಧ್ರಗಳ ಮೂಲಕ ಮಾಡಿ ತೋರಿಸಿದಾಗ ಅಲ್ಲಿನ ಶಸ್ತ್ರವೈದ್ಯರ ಸಂಘ ಒಪ್ಪಲಿಲ್ಲ. ಅದೇ ಸಂಘ 1992ರಲ್ಲಿ ಆತನನ್ನು ಗೌರವಿಸಿತು. ಅಷ್ಟರಲ್ಲಿ ಲ್ಯಾಪ್ರೋಸ್ಕೋಪಿಯಿಂದ ಪಿತ್ತಕೋಶ ತೆಗೆಯುವ ಈ ವಿಧಾನ ಲೋಕವನ್ನೆಲ್ಲ ಸುತ್ತಿತ್ತು. 1990ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ತೆಹೆಮ್ಟನ್ ಉದ್ವಾಡಿಯಾ ಅದನ್ನು ಭಾರತಕ್ಕೆ ತಂದಿದ್ದರು. ಅಂಗಗಳು ಅದಲುಬದಲಾದ ರೋಗಿಗೆ ಇದೇ ವಿಧಾನದಲ್ಲಿ ಪಿತ್ತಕೋಶ ತೆಗೆದ ಮೊದಲ ವರದಿ 1991ರದು. ಬರೆದವರು ಕ್ಯಾಂಪೋಸ್ ಮತ್ತು ಸೈಪ್ಸ್.

ಹೊಸ ಉಪಕರಣವೇನೂ ಬೇಕಾಗಿರಲಿಲ್ಲ. ಬೇಕಾದದ್ದು ಹಳೆಯ ಅಭ್ಯಾಸ ಬಿಡುವ ತಯಾರಿ, ಮತ್ತು ಅದೇ ಕಷ್ಟದ್ದು.

ಸಾಮಾನ್ಯವಾಗಿ ಶಸ್ತ್ರವೈದ್ಯರು ರೋಗಿಯ ಎಡಕ್ಕೆ ನಿಲ್ಲುತ್ತಾರೆ, ಹೊಟ್ಟೆಯೊಳಗನ್ನು ತೋರಿಸುವ ಪರದೆ ರೋಗಿಯ ಬಲಭುಜದ ಬಳಿ. ಇಲ್ಲಿ ಎರಡರ ಜಾಗವೂ ಅದಲುಬದಲು. ತೊಡಕು ಆಮೇಲೆ. ಪಿತ್ತಕೋಶವನ್ನು ಬಿಡಿಸುವ ಮುಖ್ಯ ಕೆಲಸ ನಡೆಯುವ ಎದೆಗುಂಡಿಯ ಕೆಳಗಿನ ರಂಧ್ರ ಈಗ ಎಡಗೈಗೆ ಸಿಗುತ್ತದೆ. ಬಲಗೈ ಬಳಸುವವರು ಕೈ ಮೇಲೆ ಕೈ ಹಾಯಿಸಬೇಕು, ಇಲ್ಲವೇ ರೂಢಿಯಿಲ್ಲದ ಎಡಗೈಯಿಂದಲೇ ಬಿಡಿಸಬೇಕು. ಕೆಲವರು ಪಿತ್ತಕೋಶ ಎಳೆದುಹಿಡಿಯುವ ಕೆಲಸವನ್ನು ಸಹಾಯಕರಿಗೆ ಕೊಟ್ಟು ಬಲಗೈಯನ್ನು ಬಿಡುವು ಮಾಡಿಕೊಂಡರು. ಕೆಲವರು ರೋಗಿಯ ಕಾಲುಗಳ ನಡುವೆ ನಿಂತರು. ಎಡಚರಿಗೆ ಮಾತ್ರ ಇದು ಹೇಳಿ ಮಾಡಿಸಿದ ಶಸ್ತ್ರಕ್ರಿಯೆ!

ಕೈ ಹೇಗೋ ಹೊಂದಿಕೊಳ್ಳುತ್ತದೆ, ಕಣ್ಣು ಮೋಸಹೋದರೆ ಕಷ್ಟ. ಪಿತ್ತಕೋಶದ ನಾಳವೆಂದು ಮುಖ್ಯ ಪಿತ್ತನಾಳವನ್ನೇ ಕತ್ತರಿಸಿದರೆ ರೋಗಿ ವರ್ಷಗಟ್ಟಲೆ ನರಳಬೇಕಾದೀತು. ಪಿತ್ತಕೋಶದೊಳಕ್ಕೆ ಹೋಗುವ ನಾಳ ಒಂದು, ರಕ್ತನಾಳ ಒಂದು, ಎರಡೇ ಎಂದು ಸ್ಪಷ್ಟವಾಗಿ ಕಾಣುವವರೆಗೆ ಕ್ಲಿಪ್ ಹಾಕಬಾರದೆಂಬ ನಿಯಮವನ್ನು 1995ರಲ್ಲಿ ಶಸ್ತ್ರವೈದ್ಯ ಸ್ಟ್ರಾಸ್‌ಬರ್ಗ್ ಎಲ್ಲ ರೋಗಿಗಳಿಗಾಗಿ ಒತ್ತಿಹೇಳಿದ. ತಿರುಗಿದ ಒಡಲಿನಲ್ಲಿ ಅದನ್ನು ಇನ್ನೂ ನಿಧಾನವಾಗಿ ಪಾಲಿಸಬೇಕು.

ನಿಮಗೋ ಮನೆಯವರಿಗೋ ‘ಹೃದಯ ಬಲಕ್ಕಿದೆ’ ಎಂದು ಯಾರಾದರೂ ಡಾಕ್ಟರು ಹೇಳಿದ್ದರೆ ಆ ವರದಿಯನ್ನು ಜೋಪಾನವಾಗಿಡಿ. ಯಾವ ಆಸ್ಪತ್ರೆಗೆ ಹೋದರೂ, ಕೇಳದಿದ್ದರೂ, ಮೊದಲು ಅದನ್ನೇ ತೋರಿಸಿ.