ಘಾಟಿ ಏರಿದ ಸೈಕಲ್: ಫ್ರಾನ್ಸಿನ ಬೆಟ್ಟದ ಮಾರ್ಗಗಳ ಚರಿತ್ರೆ

ಫ್ರಾನ್ಸ್ ಮತ್ತು ಸ್ಪೇನ್ ದೇಶಗಳ ಗಡಿಯಾಗಿ ಪೂರ್ವ–ಪಶ್ಚಿಮವಾಗಿ ಚಾಚಿರುವ ಪಿರೆನೀಸ್ ಪರ್ವತಶ್ರೇಣಿಯ ಫ್ರೆಂಚ್ ಪಾರ್ಶ್ವದಲ್ಲಿ ನದಿಗಳು ಬಹುಮಟ್ಟಿಗೆ ಶಿಖರಗಳ ಸಾಲಿನಿಂದ ಹೊರಟು ಉತ್ತರದ ಬಯಲಿನತ್ತ ಇಳಿಯುತ್ತವೆ. ಬಯಲಿನಿಂದ ಬೆಟ್ಟದೊಳಕ್ಕೆ ಹೋಗುವವರಿಗೆ ಈ ನದಿಗಳ ದಂಡೆಯೇ ದಾರಿಯಾಗುತ್ತದೆ. ಆದರೆ ಒಂದು ನದಿಯ ಕಣಿವೆಯಿಂದ ಪಕ್ಕದ ನದಿಯ ಕಣಿವೆಗೆ ಹೋಗಬೇಕಾದವರಿಗೆ ಅವೆರಡನ್ನೂ ಬೇರ್ಪಡಿಸುವ ಬೆಟ್ಟದ ಏಣನ್ನು ಹತ್ತಿ ಇಳಿಯದೆ ಗತ್ಯಂತರವಿಲ್ಲ. ಏಣಿನ ಮೇಲೆ ಎರಡು ಶಿಖರಗಳ ನಡುವೆ ತಗ್ಗಾಗಿದ್ದು ದಾಟಲು ಅನುಕೂಲವಾಗಿರುವ ಎಡೆಯನ್ನು ಫ್ರೆಂಚರು ‘ಕೊಲ್’ ಎಂದು ಕರೆಯುತ್ತಾರೆ. ಅದನ್ನು ಇಲ್ಲಿ ಘಾಟಿ ಎನ್ನಲಾಗಿದೆ. ಇಂದು ಜಗತ್ತಿನ ನಾನಾ ಭಾಗಗಳಿಂದ ಸೈಕಲ್ ಸವಾರರು ಅರಸಿಕೊಂಡು ಬರುವ ಪೇರೆಸೂರ್ದ್ (1569 ಮೀಟರ್), ಆಸ್ಪೆ (1489 ಮೀಟರ್), ತೂರ್ಮಾಲೆ (2115 ಮೀಟರ್) ಮತ್ತು ಓಬಿಸ್ಕ್ (1709 ಮೀಟರ್) ಘಾಟಿಗಳು ಒಂದರ ಹಿಂದೊಂದು ಸಾಲಾಗಿ ಬರುವುದಕ್ಕೆ ಈ ಭೂರಚನೆಯೇ ಕಾರಣವಾಗಿದೆ.

ಈ ಘಾಟಿಗಳ ರಸ್ತೆಗಳನ್ನು ಸೈಕಲ್ಲಿಗಾಗಿ ಕಡಿದದ್ದಲ್ಲ. ತೂರ್ಮಾಲೆಯ ಪಶ್ಚಿಮದ ಇಳಿಜಾರಿನಲ್ಲಿರುವ ಬಾರೇಜ್ ಎಂಬ ಊರು ತನ್ನ ಬಿಸಿನೀರಿನ ಬುಗ್ಗೆಗಳಿಗೆ ಹೆಸರಾದದ್ದು. 1675ರಲ್ಲಿ ದೊರೆ ಹದಿನಾಲ್ಕನೆಯ ಲೂಯಿಯ ಮಗನನ್ನು ಕಾಲಿನ ಊನದ ಚಿಕಿತ್ಸೆಗಾಗಿ ಮಾದಾಂ ದ ಮೆಂತೆನೋ ಅಲ್ಲಿಗೆ ಕರೆತಂದ ಬಳಿಕ ಆ ಊರಿನ ಕೀರ್ತಿ ರಾಜಸಭೆಯವರೆಗೂ ಹಬ್ಬಿತು, ಮುಂದೆ ಗಾಯಗೊಂಡ ಸೈನಿಕರನ್ನೂ ಚಿಕಿತ್ಸೆಗೆ ಅಲ್ಲಿಗೆ ಕಳುಹಿಸುವುದು ವಾಡಿಕೆಯಾಯಿತು. 1859ರಲ್ಲಿ ಪಕ್ಕದ ಸೇಂ-ಸೋವರ್‌ನಲ್ಲಿ ತಂಗಿದ್ದ ಚಕ್ರವರ್ತಿ ಮೂರನೆಯ ನೆಪೋಲಿಯನ್, ಇಂತಹ ಬುಗ್ಗೆಗಳ ಊರುಗಳನ್ನು ಕುದುರೆಗಾಡಿ ಓಡಾಡುವಂತಹ ಒಂದೇ ರಸ್ತೆಯಿಂದ ಬೆಸೆಯುವ ಯೋಜನೆಗೆ ಬೆಂಬಲ ನೀಡಿದನು. 1860ರ ದಶಕದಲ್ಲಿ ರೂಪುಗೊಂಡ ಈ ‘ಬುಗ್ಗೆಗಳ ರಸ್ತೆ’ ಪಶ್ಚಿಮದ ಓ-ಬೋನ್ ಊರಿನಿಂದ ಹೊರಟು, ಓಬಿಸ್ಕ್ ದಾಟಿ ಗಾವ್ ದ ಪೋ ನದಿಯ ಕಣಿವೆಗೆ ಇಳಿದು, ತೂರ್ಮಾಲೆ ಏರಿ ಅದೂರ್ ನದಿಯ ಮೇಲ್ಕಣಿವೆಯನ್ನು ಮುಟ್ಟಿ, ಆಸ್ಪೆ ಮತ್ತು ಪೇರೆಸೂರ್ದ್‌ಗಳ ಮೂಲಕ ಪೂರ್ವದ ಲ್ಯುಶೋ ಪಟ್ಟಣವನ್ನು ಸೇರುತ್ತಿತ್ತು. ಗಾಡಿಯೆಳೆಯುವ ಕುದುರೆಗಳಿಗೆ ತೀರ ಕಡಿದಾದ ಏರು ಆಗದಾದ್ದರಿಂದ ರಸ್ತೆಯನ್ನು ಹಿಮ್ಮುರಿ ತಿರುವುಗಳಲ್ಲಿ ಸುತ್ತಿಸಿ ಒಯ್ಯಬೇಕಾಯಿತು. ಸೇಂತ್-ಮರೀ-ದ-ಕಾಂಪಾ ಹಳ್ಳಿಯಿಂದ ತೂರ್ಮಾಲೆಯ ನೆತ್ತಿಗೆ ಇರುವ ಸುಮಾರು 17 ಕಿಲೋಮೀಟರ್ ದಾರಿಯ ಸರಾಸರಿ ಏರು ಶೇಕಡಾ 7ಕ್ಕಿಂತ ತುಸು ಹೆಚ್ಚು, ಎಂದರೆ ಪ್ರತಿ 100 ಮೀಟರ್ ಸಾಗಿದಾಗ 7 ಮೀಟರಿಗೂ ಮಿಗಿಲಾಗಿ ಮೇಲೇರಬೇಕಾಗುತ್ತದೆ. ರೋಗಿಗಳನ್ನು ಹೊತ್ತ ಗಾಡಿಗಾಗಿ ಅಳೆದು ಹಾಕಿದ ಈ ಏರೇ ಮುಂದೆ ಮನುಷ್ಯನ ಕಾಲುಗಳಿಗೆ ಒರೆಗಲ್ಲಾಯಿತು.

1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಎರಡೂ ಗಾಲಿಗಳು ಹೆಚ್ಚುಕಡಿಮೆ ಸಮನಾಗಿರುವ, ಚೈನಿನಿಂದ ಹಿಂದಿನ ಗಾಲಿ ತಿರುಗುವ ಸೈಕಲ್ಲನ್ನು ತಂದ ಮೇಲೆ, ಮತ್ತು 1888ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದ ಮೇಲೆ, ದೂರದ ಸವಾರಿ ಸಾಧ್ಯವಾಯಿತಾದರೂ ಬೆಟ್ಟದ ದಾರಿ ಹಾಗೆಯೇ ಸವಾಲಾಗಿ ಉಳಿಯಿತು. ಆ ಸೈಕಲ್ಲುಗಳಿಗೆ ಇದ್ದದ್ದು ಒಂದೇ ಗೇರು. ಪೆಡಲ್ ಒಂದು ಸುತ್ತು ತಿರುಗಿದಾಗ ಸೈಕಲ್ ಎಷ್ಟು ದೂರ ಮುಂದೆ ಹೋಗುತ್ತದೆ ಎಂಬುದು ಮುಂದಿನ ಮತ್ತು ಹಿಂದಿನ ಹಲ್ಲುಚಕ್ರಗಳ ಹಲ್ಲುಗಳ ಪ್ರಮಾಣವನ್ನು ಅವಲಂಬಿಸಿರುವುದರಿಂದ, ಬಯಲಿನ ವೇಗಕ್ಕೆ ಹೊಂದಿಸಿದ ಸೈಕಲ್ ಏರಿನಲ್ಲಿ ತುಳಿಯಲಾಗದಷ್ಟು ಬಿಗಿಯಾಗುತ್ತಿತ್ತು, ಏರಿಗೆ ಹೊಂದಿಸಿದ್ದು ಬಯಲಿನಲ್ಲಿ ಎಷ್ಟು ತುಳಿದರೂ ವೇಗ ಪಡೆಯುತ್ತಿರಲಿಲ್ಲ.

ಈ ತೊಡಕನ್ನು ತನ್ನ ಬಾಳಿನ ವಿಚಾರವನ್ನಾಗಿ ಮಾಡಿಕೊಂಡವನು ಸೇಂತ್-ಎತಿಯೆನ್ ನಗರದ ಪಾಲ್ ದ ವಿವೀ (1853–1930). ರೇಷ್ಮೆ ವ್ಯಾಪಾರವನ್ನು ಬಿಟ್ಟು ಸೈಕಲ್ ಉದ್ಯಮಕ್ಕೆ ಬಂದು, 1887ರಲ್ಲಿ ಸೈಕಲ್ಲಿಗೇ ಮೀಸಲಾದ ಪತ್ರಿಕೆಯೊಂದನ್ನು ಆರಂಭಿಸಿ, ‘ವೆಲೋಸಿಯೋ’ ಎಂಬ ಕಾವ್ಯನಾಮದಿಂದ ಅದರಲ್ಲಿ ದಶಕಗಳ ಕಾಲ ಬರೆದ ಈತನ ನಗರ ಇರುವುದು ಎರಡು ಮಹಾನದಿಗಳ ಜಲಾನಯನಗಳು ಸಂಧಿಸುವ ಕಡೆಯಲ್ಲಿ: ಒಂದು ಪಕ್ಕದ ನೀರು ಲ್ವಾರ್ ನದಿಯನ್ನು ಕೂಡಿ ಅಟ್ಲಾಂಟಿಕ್ ಸಾಗರಕ್ಕೆ, ಇನ್ನೊಂದು ಪಕ್ಕದ್ದು ರೋನ್ ನದಿಯನ್ನು ಕೂಡಿ ಮೆಡಿಟರೇನಿಯನ್ ಸಮುದ್ರಕ್ಕೆ ಹೋಗುತ್ತದೆ. ನಗರದ ದಕ್ಷಿಣಕ್ಕೆ, ರೋನ್ ಕಣಿವೆಯ ದಾರಿಯಲ್ಲಿರುವ 1161 ಮೀಟರ್ ಎತ್ತರದ ರೇಪ್ಯೂಬ್ಲಿಕ್ ಘಾಟಿಯೇ ವೆಲೋಸಿಯೋವಿನ ಪ್ರಯೋಗಶಾಲೆಯಾಗಿತ್ತು. ಸವಾರಿಯ ನಡುವೆ ಗೇರು ಬದಲಾಯಿಸುವ ನಾನಾ ಏರ್ಪಾಡುಗಳನ್ನು ಅಲ್ಲಿ ತಾನೇ ಹತ್ತಿ ಇಳಿದು ಪರೀಕ್ಷಿಸಿದ ಆತನ ನಿಲುವು ಸ್ಪಷ್ಟವಾಗಿತ್ತು: ಸೈಕಲ್ ನಾಡನ್ನು ನೋಡುವ ಸಾಧನ, ಆದ್ದರಿಂದ ಸವಾರನು ದಣಿಯದೆ ಘಾಟಿ ದಾಟುವಂತೆ ಮಾಡುವ ಯಾವ ಉಪಾಯವೂ ಹೀನವಲ್ಲ. ಸ್ಪರ್ಧೆಯಿಲ್ಲದ ದೂರಸವಾರಿಗೆ ‘ಸಿಕ್ಲೋತೂರಿಸ್ಮ್’, ಎಂದರೆ ಸೈಕಲ್ ಪ್ರವಾಸ, ಎಂಬ ಹೆಸರು ಬಳಕೆಗೆ ಬರುವುದರಲ್ಲಿಯೂ ಆತನ ಬರಹಗಳ ಪಾಲು ದೊಡ್ಡದು. ಪ್ರವಾಸಿಗರ ಸಂಸ್ಥೆಯಾದ ಫ್ರಾನ್ಸಿನ ಟೂರಿಂಗ್ ಕ್ಲಬ್ 1902ರಲ್ಲಿ ಪ್ರವಾಸದ ಸೈಕಲ್ಲುಗಳನ್ನು ಪರೀಕ್ಷೆಗೆ ಒಡ್ಡಲು ಆರಿಸಿಕೊಂಡದ್ದು ಇದೇ ತೂರ್ಮಾಲೆಯ ರಸ್ತೆಯನ್ನು; ಪಂದ್ಯದ ಸವಾರರು ಅಲ್ಲಿಗೆ ಬಂದದ್ದು ಅದಾದ ಎಂಟು ವರ್ಷಗಳ ಮೇಲೆ.

‘ಲೋತೋ’ ಪತ್ರಿಕೆಯ ಸಂಪಾದಕ ಆನ್ರಿ ದೆಗ್ರಾಂಜ್ 1903ರಲ್ಲಿ ಆರಂಭಿಸಿದ ಟೂರ್ ದ ಫ್ರಾನ್ಸ್ ಮೊದಲಿಗೆ ಹೆಚ್ಚಾಗಿ ಬಯಲಿನ ಪಂದ್ಯವಾಗಿತ್ತು. 1905ರಲ್ಲಿ ವೋಜ್ ಬೆಟ್ಟಗಳ ಬಾಲೋ ದಾಲ್ಸಾಸ್ ಏರನ್ನು ಸೇರಿಸಿದಾಗ ರೆನೆ ಪೊತಿಯೆ ಎಲ್ಲರಿಗಿಂತ ಮೊದಲು ನೆತ್ತಿ ತಲುಪಿದನು. ಪಿರೆನೀಸನ್ನು ಸೇರಿಸಬೇಕೆಂದು ಪಟ್ಟುಹಿಡಿದವನು ಪತ್ರಿಕೆಯ ಸಿಬ್ಬಂದಿ ಆಲ್ಫೋನ್ಸ್ ಸ್ಟೈನೆಸ್. ದಾರಿ ಪರಿಶೀಲಿಸಲು ಹೋಗಿ ತೂರ್ಮಾಲೆಯ ಹಿಮದಲ್ಲಿ ಸಿಲುಕಿ ಪಾರಾದ ಮೇಲೆಯೂ ಆತ ರಸ್ತೆ ಸುಗಮವಾಗಿದೆಯೆಂದೇ ತಂತಿ ಕಳುಹಿಸಿದನೆಂಬ ಕಥೆ ಪ್ರಚಲಿತವಾಗಿದೆ. 1910ರ ಜುಲೈ 21ರಂದು ಲ್ಯುಶೋದಿಂದ ಬಾಯೋನ್‌ಗೆ 326 ಕಿಲೋಮೀಟರ್‌ಗಳ ಆ ಹಂತದಲ್ಲಿ ಸವಾರರು ಬುಗ್ಗೆಗಳ ರಸ್ತೆಯ ನಾಲ್ಕೂ ದೊಡ್ಡ ಘಾಟಿಗಳನ್ನು ಒಂದೇ ದಿನದಲ್ಲಿ ದಾಟಬೇಕಾಯಿತು. ಗೆದ್ದ ಒಕ್ತಾವ್ ಲಾಪೀಜ್‌ಗೆ ಅದಕ್ಕೆ ಹದಿನಾಲ್ಕು ಗಂಟೆಗಳಿಗೂ ಹೆಚ್ಚು ಕಾಲ ಹಿಡಿಯಿತು. ತೂರ್ಮಾಲೆಯ ನೆತ್ತಿಗೆ ಆತನೇ ಮೊದಲಿಗನಾದರೂ ಏರಿನಲ್ಲಿ ಅಲ್ಲಲ್ಲಿ ಇಳಿದು ನಡೆದಿದ್ದನು, ಎಲ್ಲಿಯೂ ಇಳಿಯದೆ ಏರಿದ ಗ್ಯುಸ್ತಾವ್ ಗಾರಿಗೂಗೆ 100 ಫ್ರಾಂಕ್ ಬಹುಮಾನ ದೊರೆಯಿತು. ಇಷ್ಟು ಕ್ರೂರವಾದ ದಾರಿಯನ್ನು ಆರಿಸಿದ ಸಂಘಟಕರನ್ನು ಲಾಪೀಜ್ ಅಂದೇ ಕೊಲೆಗಡುಕರೆಂದು ಬೈದದ್ದು ಪಂದ್ಯದ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ.

ಮರುವರ್ಷ ಆಲ್ಪ್ಸ್‌ನ ಗಾಲಿಬಿಯೆ ಘಾಟಿ ಸೇರಿಕೊಂಡಿತು. ಆರ್ಕ್ ನದಿಯ ಕಣಿವೆಯನ್ನು ಬ್ರಿಯಾಂಸೋ ಕೋಟೆಯ ಸೀಮೆಗೆ ಜೋಡಿಸುವ ಈ ದಾರಿಯ ಹಿಂದೆ ಇದ್ದದ್ದು ಗಡಿಕಾವಲಿನ ಅಗತ್ಯ. 1891ರಲ್ಲಿ 2556 ಮೀಟರ್ ಎತ್ತರದಲ್ಲಿ ಸುರಂಗ ತೆರೆದ ಮೇಲೆ ಗಾಡಿಗಳ ಸಂಚಾರ ಸಾಧ್ಯವಾಯಿತು, ಸವಾರರು 1976ರವರೆಗೂ ಈ ಸುರಂಗದ ಮೂಲಕವೇ ಹಾದುಹೋದರು.

ಸ್ಪರ್ಧೆಯ ನಿಯಮಗಳು ಎಷ್ಟು ನಿರ್ದಯವಾಗಿದ್ದವು ಎಂಬುದಕ್ಕೆ 1913ರ ಪ್ರಸಂಗವೊಂದು ಸಾಕ್ಷಿಯಾಗಿದೆ. ತೂರ್ಮಾಲೆಯ ಇಳಿಜಾರಿನಲ್ಲಿ ಮುಂದಿನ ಗಾಲಿಯನ್ನು ಹಿಡಿದಿರುವ ಫೋರ್ಕ್ ಮುರಿದುಹೋದಾಗ, ಹೊರಗಿನವರ ನೆರವು ಪಡೆಯಬಾರದೆಂಬ ನಿಯಮವಿದ್ದ ಕಾರಣ, ಎಜೆನ್ ಕ್ರಿಸ್ತೋಫ್ ಸೈಕಲ್ಲನ್ನು ಹೊತ್ತು ಹತ್ತು ಕಿಲೋಮೀಟರಿಗೂ ಹೆಚ್ಚು ನಡೆದು ಸೇಂತ್-ಮರೀ-ದ-ಕಾಂಪಾ ಹಳ್ಳಿಯ ಕಮ್ಮಾರಸಾಲೆಯಲ್ಲಿ ಅದನ್ನು ತನ್ನ ಕೈಯಾರೆ ಬೆಸೆದುಕೊಂಡನು. ಹುಡುಗನೊಬ್ಬ ತಿದಿಯೊತ್ತಿದನೆಂಬ ಕಾರಣಕ್ಕೆ ಅಷ್ಟರ ಮೇಲೂ ದಂಡ ಬಿದ್ದಿತು. ಇದೇ ಮನೋಧರ್ಮದಿಂದ ದೆಗ್ರಾಂಜ್ ಬಹುಗೇರನ್ನೂ ವಿರೋಧಿಸಿದನು. ಅದು ವಯಸ್ಸಾದವರಿಗೆ ತಕ್ಕದ್ದು, ಸ್ಪರ್ಧೆಯಲ್ಲಿ ಗೆಲ್ಲಬೇಕಾದದ್ದು ಮೈಬಲವೇ ಹೊರತು ಯಂತ್ರದ ಉಪಾಯವಲ್ಲ ಎಂಬುದು ಆತನ ವಾದ. ಹೀಗಾಗಿ ಪ್ರವಾಸಿಗರು ಡಿರೇಲರ್, ಎಂದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಸಾಧನ, ಬಳಸಿ ಕುಳಿತಲ್ಲಿಂದಲೇ ಗೇರು ಬದಲಾಯಿಸುತ್ತಿದ್ದ ಕಾಲದಲ್ಲಿ ದೇಶದ ಮೇಲಾದ ಸ್ಪರ್ಧಾಳುಗಳು ಘಾಟಿಯ ಬುಡದಲ್ಲಿ ಇಳಿದು, ಎರಡು ಪಕ್ಕಗಳಲ್ಲಿ ಬೇರೆ ಬೇರೆ ಹಲ್ಲುಚಕ್ರಗಳಿದ್ದ ಹಿಂದಿನ ಗಾಲಿಯನ್ನು ಬಿಚ್ಚಿ, ತಿರುಗಿಸಿ ಹಾಕಿಕೊಳ್ಳಬೇಕಾಗಿತ್ತು. ಆತ ಪಂದ್ಯದ ಹೊಣೆಯನ್ನು ಬಿಟ್ಟ ಮೇಲೆ, 1937ರಲ್ಲಿ, ಡಿರೇಲರ್‌ಗೆ ಅನುಮತಿ ದೊರೆಯಿತು. ಅದು ವೆಲೋಸಿಯೋ ತೀರಿಕೊಂಡು ಏಳು ವರ್ಷಗಳಾದ ಮೇಲಿನ ಮಾತು.

ಪ್ರವಾಸಿ ಸಂಪ್ರದಾಯದ ಇನ್ನೊಂದು ಕವಲು ಕರ್ನಾಟಕದವರೆಗೂ ಬಂದಿದೆ. 1904ರಲ್ಲಿ ಸ್ಥಾಪಿತವಾದ ಒದಾಕ್ಸ್ ಕ್ಲಬ್ ಪಾರಿಸಿಯೆನ್ ರೂಪಿಸಿದ ‘ಬ್ರೆವೆ’ ಎಂಬ ಸವಾರಿಗಳಲ್ಲಿ 200, 300, 400 ಅಥವಾ 600 ಕಿಲೋಮೀಟರ್‌ಗಳನ್ನು ಗೊತ್ತಾದ ಅವಧಿಯೊಳಗೆ ಮುಗಿಸಿದವರೆಲ್ಲರೂ ಸಮಾನರು, ಅಲ್ಲಿ ಮೊದಲನೆಯವನೆಂದಾಗಲಿ ಕೊನೆಯವನೆಂದಾಗಲಿ ಎಣಿಕೆಯಿಲ್ಲ. 200 ಕಿಲೋಮೀಟರ್‌ಗೆ ಹದಿಮೂರೂವರೆ ಗಂಟೆಗಳ ಗಡುವಿರುವ ಈ ಕ್ರಮವನ್ನೇ ಇಂದು ಬೆಂಗಳೂರಿನ ದೂರಸವಾರರೂ ಅನುಸರಿಸುತ್ತಾರೆ.

ಸ್ಪರ್ಧೆಯ ವೈಭವ ಈ ಘಾಟಿಗಳ ಹೆಸರನ್ನು ಲೋಕಕ್ಕೆಲ್ಲ ಸಾರಿತೆಂಬುದು ನಿಜವಾದರೂ, ಸಾಮಾನ್ಯರು ಅವುಗಳನ್ನು ಏರುವಂತಾದದ್ದು ಗೆಲುವಿನ ಹಂಬಲವಿಲ್ಲದ ಪ್ರವಾಸಿಗರು ಛಲದಿಂದ ಬೆಳೆಸಿದ ಗೇರಿನಿಂದ. ಚಕ್ರವರ್ತಿ ರೋಗಿಗಳಿಗಾಗಿ, ಸೇನೆ ಗಡಿಗಾಗಿ ಹಾಕಿಸಿದ ರಸ್ತೆಗಳು ಎಲ್ಲರ ಸಂಚಾರದ ದಾರಿಗಳಾದ ಈ ಚರಿತ್ರೆಯಲ್ಲಿ ಪಂದ್ಯದ ವೀರರಿಗೆ ಸಲ್ಲುವಷ್ಟೇ ಗೌರವ, ದಣಿವನ್ನು ಕಡಿಮೆ ಮಾಡುವುದೂ ಒಂದು ಸಾಧನೆಯೆಂದು ನಂಬಿದ ವೆಲೋಸಿಯೋನಂತಹವರಿಗೂ ಸಲ್ಲಬೇಕಾಗಿದೆ.