ಬೀದರ್‌ಗೆ ಹೊರಟ ಕ್ರೂಸರ್‌ಗಳು, ಮುರ್ಕಿಗೆ ಮುಟ್ಟಿದ ಸಂದೇಶ

ಇವತ್ತು ಹನ್ನೆರಡನೇ ಶತಮಾನಕ್ಕೆ ಹೋಗೋದು ಬೇಡ, 2017 ಸಾಕು.

ಆ ವರ್ಷ ಜುಲೈ 19ರಂದು ಬೀದರ್‌ನಲ್ಲಿ ಲಿಂಗಾಯತ ಪ್ರತ್ಯೇಕ ಧರ್ಮದ ಮಾನ್ಯತೆಗಾಗಿ ಭಾರಿ ಸಮಾವೇಶ ನಡೆಯಿತು. ಬಸವಕಲ್ಯಾಣ, ಹುಮನಾಬಾದ್ ಕಡೆಯಿಂದ ಕ್ರೂಸರ್ ತುಂಬಿಕೊಂಡು ಜನ ಹೋದರು. ಮಹಾರಾಷ್ಟ್ರ, ತೆಲಂಗಾಣದಿಂದಲೂ ಬಂದರು. ಹಿಂದಿನ ವರ್ಷವಷ್ಟೇ ಜಿಯೋ ಬಂದಿತ್ತು, ಹೊಲದಲ್ಲಿದ್ದವರ ಕೈಯಲ್ಲೂ ವಾಟ್ಸಾಪ್. ಸಮಾವೇಶದ ಕರೆ ನನಗೇ ಎಷ್ಟು ಸಲ ಬಂತೋ ಲೆಕ್ಕ ಇಟ್ಟಿಲ್ಲ. ಜೊತೆಗೆ ಬಸವಣ್ಣನವರ ಚಿತ್ರದ ಕೆಳಗೆ ಅವರು ಬರೆಯದೇ ಇರುವ 'ವಚನ'ಗಳೂ ಬಂದವು ಅನ್ನಿ!

ಹಾಗಂತ ಇದನ್ನು ವಾಟ್ಸಾಪ್ ಚಳವಳಿ ಅಂದರೆ ನಾನು ಒಪ್ಪಲ್ಲ. ಫೋನಿಗೆ ಬಂದ ಕರೆ ಅಲ್ಲಿಗೇ ನಿಲ್ಲಲಿಲ್ಲ. ಮಠದ ಅಂಗಳದಲ್ಲಿ, ಬಸವ ಕೇಂದ್ರದಲ್ಲಿ, ಚಹಾದಂಗಡಿ ಮುಂದೆ ಮಾತಾಯಿತು. ವೀರಶೈವ, ಲಿಂಗಾಯತ ಒಂದೇನಾ, ಬೇರೇನಾ ಅಂತ ಅದೇ ಗ್ರೂಪ್‌ಗಳಲ್ಲಿ ಜಗಳವೂ ಆಯಿತು. ಜಗಳಕ್ಕೆ ಸಮಯ ಸಿಕ್ಕಿತ್ತು, ಅದು ಮುಖ್ಯ. ಬೀದರ್ ಆದ ಮೇಲೆ ಬೆಳಗಾವಿ, ಲಾತೂರ್, ಕಲಬುರಗಿ. 2018ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಕೇಂದ್ರಕ್ಕೆ ಶಿಫಾರಸು ಮಾಡಿತು. ಕೇಂದ್ರ ಒಪ್ಪಲಿಲ್ಲ.

ಈಗ ಇದೇ ಜಿಲ್ಲೆಯ ಇನ್ನೊಂದು ಜುಲೈ. 2018ರ 13ನೇ ತಾರೀಖು. ಹೈದರಾಬಾದ್ ಕಡೆಯಿಂದ ಬಂದಿದ್ದ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಅನ್ನೋ ಸಂದೇಶ ಹರಿದಾಡಿತು. ಅವರ ಕಾರು ಮುರ್ಕಿ ತಲುಪುವ ಮೊದಲೇ ಸಂದೇಶ ತಲುಪಿತ್ತು. ಗುಂಪು ಹೊಡೆದದ್ದರಲ್ಲಿ ಒಬ್ಬ ಯುವಕ ಸತ್ತ. ವಾಟ್ಸಾಪ್ ಗ್ರೂಪಿನ ಅಡ್ಮಿನ್ ಸೇರಿ ಹಲವರ ಬಂಧನವಾಯಿತು. ಇಲ್ಲಿ ಯಾರೂ ಯಾರನ್ನೂ ಕೇಳಲಿಲ್ಲ, ಕೇಳೋಕೆ ಪುರುಸೊತ್ತೇ ಇರಲಿಲ್ಲ.

ಎರಡೂ ಕಡೆ ಫೋನು ಅದೇ, ಜಿಲ್ಲೆ ಅದೇ. ಬೀದರ್‌ನ ಜನಸಾಗರದ ಫೋಟೊ ಹಂಚಿಕೊಂಡು ಹೆಮ್ಮೆಪಡುವ ನಮ್ಮವರು ಮುರ್ಕಿಯ ಹೆಸರೆತ್ತೋದು ಕಡಿಮೆ. ಇತಿಹಾಸ ಬರೆಯೋರು ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕಾಗುತ್ತೆ.

ದೇಶದ ಹಲವೆಡೆ ಇಂಥ ಕೊಲೆಗಳಾಗಿದ್ದವು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗಷ್ಟೇ ಫಾರ್ವರ್ಡ್ ಮಾಡುವ ಮಿತಿ ಘೋಷಿಸಿತು. ನನ್ನ ಊಹೆ ಹೇಳಲಾ? ಈ ಮಿತಿ ಹಿಂದಿನ ವರ್ಷವೇ ಇದ್ದಿದ್ದರೂ ಬಸವಕಲ್ಯಾಣದಿಂದ ಬೀದರ್‌ಗೆ ಹೊರಟ ಕ್ರೂಸರ್‌ಗಳೇನೂ ಕಡಿಮೆ ಆಗ್ತಿರಲಿಲ್ಲ.